ಧಾರವಾಡದ ಥ್ಯಾಕರೆಯ ಬೇರು ಎಲ್ಲಿ? ಇಂಗ್ಲಿಷ್ ಸರ್‌ನೇಮ್ ಒಂದರ ಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಕಿತ್ತೂರು ಚೆನ್ನಮ್ಮನ ಕಥೆ ಗೊತ್ತಿರುವವರಿಗೆಲ್ಲ ಥ್ಯಾಕರೆ ಗೊತ್ತು. ಕಂಪನಿ ಸರ್ಕಾರದ ಧಾರವಾಡ ಕಲೆಕ್ಟರ್. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಎದುರು ಸತ್ತವನು. ಅವನಿಗೆ ಗುಂಡು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಜನ ಹೇಳಿಕೊಂಡು ಬಂದಿದ್ದಾರೆ. ಸಮಾಧಿ ಧಾರವಾಡದಲ್ಲೇ ಇದೆ. ಆದರೆ ಆ ಹೆಸರು ಎಲ್ಲಿಂದ ಬಂತು, ಅದರ ಅರ್ಥ ಏನು ಅಂತ ಕೇಳಿದವರು ಕಡಿಮೆ.

ಇಂಗ್ಲಿಷ್ ಸರ್‌ನೇಮ್ ಹುಡುಕುವ ಕನ್ನಡಿಗರು ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬೆಂಗಳೂರಿನ ರಸ್ತೆ, ಕೆರೆ, ಪಾರ್ಕ್‌ಗಳ ಇತಿಹಾಸ ಬರೆಯುವವರಿದ್ದಾರೆ. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದ ಆಂಗ್ಲೋ ಇಂಡಿಯನ್ ಮನೆಗಳಿವೆ. ಇಂಗ್ಲೆಂಡಿನಲ್ಲಿ ಮದುವೆಯಾಗಿ ಗಂಡನ ಅಥವಾ ಹೆಂಡತಿಯ ಕಡೆಯ ವಂಶವೃಕ್ಷ ಬಿಡಿಸಲು ಕೂತವರೂ ಇದ್ದಾರೆ. ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ನೆಟ್‌ನಲ್ಲಿ ಹೆಸರು ಟೈಪ್ ಮಾಡಿ ಅರ್ಥ ನೋಡುವುದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಮನೆತನ ಯಾವ ಊರಿನದು, ಹಳೆಯ ದಾಖಲೆಯಲ್ಲಿ ಹೆಸರನ್ನು ಹೇಗೆ ಬರೆದಿದ್ದಾರೆ ಎಂಬುದು ಗೊತ್ತಾಗದೆ ಅರ್ಥ ಹೇಳಿದರೆ ಅದು ಬರೀ ಊಹೆ. ಥ್ಯಾಕರೆಯನ್ನೇ ಹಿಡಿದುಕೊಂಡು, ಧಾರವಾಡದಿಂದ ಹಿಂದಕ್ಕೆ ಹೋಗೋಣ.

ಹೆಜ್ಜೆ 1: ಒಬ್ಬ ಮನುಷ್ಯನನ್ನು ಸರಿಯಾಗಿ ಗುರುತು ಹಿಡಿಯಿರಿ

ಹುಡುಕಾಟ ಹೆಸರಿನಿಂದ ಶುರುವಾಗಬಾರದು, ಮನುಷ್ಯನಿಂದ ಶುರುವಾಗಬೇಕು. ಪೂರ್ತಿ ಹೆಸರು, ಸತ್ತ ದಿನ, ಕೆಲಸ, ಇದ್ದ ಊರು. ಇಷ್ಟು ಕೈಯಲ್ಲಿರಲಿ.

ನಮ್ಮ ಪುಸ್ತಕಗಳಲ್ಲಿ ಇವನನ್ನು 'ಜಾನ್ ಥ್ಯಾಕರೆ' ಎಂದು ಬರೆದಿರುವುದೇ ಜಾಸ್ತಿ. ಆದರೆ ಅವನ ಹೆಸರು ಜಾನ್ ಅಲ್ಲ, ಸೇಂಟ್ ಜಾನ್. ಸಂತ ಅಂತೇನೂ ಅಲ್ಲ. ಇಂಗ್ಲೆಂಡಿನಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳಲ್ಲಿ ಇದೂ ಒಂದು, ಅವರ ಬಾಯಲ್ಲಿ ಅದು 'ಸಿಂಜನ್' ಆಗುತ್ತದೆ. ಸೂಚಿಯಲ್ಲಿ ಬರೀ 'ಜಾನ್' ಅಂತ ಹುಡುಕಿದರೆ ಇವನು ಸಿಗುವುದಿಲ್ಲ. 'ಸೇಂಟ್' ಅನ್ನು ಪೂರ್ತಿ ಬರೆದು ಒಮ್ಮೆ, 'ಎಸ್‌ಟಿ' ಅಂತ ಚಿಕ್ಕದು ಮಾಡಿ ಚುಕ್ಕಿ ಇಟ್ಟು ಒಮ್ಮೆ, ಚುಕ್ಕಿ ಇಲ್ಲದೆ ಇನ್ನೊಮ್ಮೆ ಹುಡುಕಬೇಕು.

ಅಣ್ಣತಮ್ಮಂದಿರ ಹೆಸರುಗಳನ್ನೂ ಬರೆದುಕೊಳ್ಳಿ. ಸೇಂಟ್ ಜಾನನ ಅಣ್ಣ ಒಬ್ಬನ ಹೆಸರು ರಿಚ್ಮಂಡ್, ಇನ್ನೊಬ್ಬ ಸಹೋದರನ ಹೆಸರು ವೆಬ್. ಹುಡುಗರಿಗೆ ಇಡುವ ಹೆಸರಿನಂತೆ ಕೇಳುವುದಿಲ್ಲ ಅಲ್ವಾ? ಕಾರಣ ಇದೆ. ಅವರ ತಾಯಿ ಅಮೀಲಿಯಾ ರಿಚ್ಮಂಡ್ ವೆಬ್. ತಾಯಿಯ ತಂದೆ ಕರ್ನಲ್ ರಿಚ್ಮಂಡ್ ವೆಬ್. ತಾಯಿಯ ತವರಿನ ಸರ್‌ನೇಮನ್ನು ಮಗನ ಮೊದಲ ಹೆಸರಾಗಿ ಇಡುವುದು ಆ ಕಾಲದ ಉಳ್ಳವರ ಮನೆಗಳಲ್ಲಿ ಸಾಮಾನ್ಯ. ದಾಖಲೆಯಲ್ಲಿ ವಿಚಿತ್ರವಾದ ಮೊದಲ ಹೆಸರೋ ನಡುವಿನ ಹೆಸರೋ ಕಂಡರೆ, ಅದು ಯಾರದೋ ತವರುಮನೆಯ ಸರ್‌ನೇಮ್ ಇರಬಹುದು ಅಂತ ಮೊದಲು ಅನುಮಾನಿಸಿ.

ಹೆಜ್ಜೆ 2: ಭಾರತದಲ್ಲಿ ಬಿಟ್ಟ ಗುರುತುಗಳನ್ನು ಮೊದಲು ನೋಡಿ

ಕಂಪನಿ ಕಾಲದಲ್ಲಿ ಇಲ್ಲಿದ್ದ ಇಂಗ್ಲಿಷರ ಹುಟ್ಟು, ಮದುವೆ, ಸಾವು ಚರ್ಚ್ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ಅದರ ನಕಲು ಲಂಡನ್ನಿಗೆ ಹೋಗುತ್ತಿತ್ತು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳಕ್ಕೆ 'ಎನ್/1', ಮದ್ರಾಸಿಗೆ 'ಎನ್/2', ಮುಂಬೈಗೆ 'ಎನ್/3' ಎಂಬ ಗುರುತು.

ಇಲ್ಲಿ ಒಂದು ತೊಡಕು. ಥ್ಯಾಕರೆ ಮದ್ರಾಸ್ ಸಿವಿಲ್ ಸರ್ವಿಸ್‌ನವನು. ಆದರೆ ಧಾರವಾಡದ ಆಡಳಿತ ಆಗ ಮುಂಬೈ ಕಡೆಗೆ ಸೇರಿತ್ತು. ಪೇಶ್ವೆಗಳಿಂದ ಬಂದ ಈ ಸೀಮೆಗೆ ಮದ್ರಾಸಿನ ಅಧಿಕಾರಿಗಳನ್ನು ಕಳಿಸಿದ್ದರು. ಕಿತ್ತೂರಿನಲ್ಲಿ ಸೆರೆ ಸಿಕ್ಕ ವಾಲ್ಟರ್ ಎಲಿಯಟ್ ಕೂಡ ಮದ್ರಾಸಿನವನೇ. ಹಾಗಾಗಿ ಇಂಥವರ ವಿಷಯದಲ್ಲಿ ನೌಕರಿಯ ದಾಖಲೆ ಒಂದು ಕಡೆ, ಸಾವಿನ ದಾಖಲೆ ಇನ್ನೊಂದು ಕಡೆ ಇರಬಹುದು. ಎರಡೂ ಪ್ರಾಂತ್ಯಗಳ ಸೂಚಿ ನೋಡದೆ 'ಸಿಗಲಿಲ್ಲ' ಅನ್ನಬೇಡಿ.

ಸಿವಿಲ್ ನೌಕರರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಕಂಪನಿಯಲ್ಲಿ 'ರೈಟರ್', ಅಂದರೆ ಕಿರಿಯ ಗುಮಾಸ್ತ, ಆಗಿ ಸೇರಬೇಕಾದವರು ಅರ್ಜಿ ಹಾಕಬೇಕಿತ್ತು. ವಯಸ್ಸಿನ ಪುರಾವೆಗೆ ಹುಟ್ಟೂರಿನ ಚರ್ಚಿನಿಂದ ಬ್ಯಾಪ್ಟಿಸಮ್ ಸರ್ಟಿಫಿಕೇಟ್ ತಂದು ಲಗತ್ತಿಸುತ್ತಿದ್ದರು. 'ಜೆ/1' ಸರಣಿಯಲ್ಲಿರುವ ಈ ಅರ್ಜಿ ಸಿಕ್ಕಿತು ಅಂದರೆ ಇಂಗ್ಲೆಂಡಿನ ಯಾವ ಪ್ಯಾರಿಷ್‌ಗೆ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು) ಹೋಗಬೇಕು ಎಂಬುದು ಒಂದೇ ಏಟಿಗೆ ಗೊತ್ತಾಗುತ್ತದೆ. ನನಗೆ ಇಡೀ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಜಾಸ್ತಿ ಇಷ್ಟವಾಗುವ ಕಡತಗಳು ಇವು.

ಲಂಡನ್ನಿಗೆ ಹೋಗಲು ಆಗದವರು ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಡೇಟಾಬೇಸ್ ನೋಡಿ. ಫಿಬಿಸ್ ಅಂತ ಕರೆಯುತ್ತಾರೆ, ಹುಡುಕಲು ದುಡ್ಡು ಬೇಡ. ಹಳೆಯ ಸ್ಮಶಾನಗಳ ವಿಷಯಕ್ಕೆ ಬಾಕ್ಸಾ ಎಂಬ ಸಂಸ್ಥೆ ಇದೆ, ದಕ್ಷಿಣ ಏಷ್ಯಾದ ಯುರೋಪಿಯನ್ ಗೋರಿಗಳನ್ನು ದಾಖಲಿಸುವುದೇ ಅದರ ಕೆಲಸ.

ಹೆಜ್ಜೆ 3: ಇಂಗ್ಲೆಂಡಿನಲ್ಲಿ ಒಂದೊಂದೇ ತಲೆಮಾರು ಹಿಂದಕ್ಕೆ

ನಿಯಮ ಸರಳ. ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ. ನಡುವೆ ಜಿಗಿಯುವಂತಿಲ್ಲ. 'ಅದೇ ಹೆಸರಿನ ಸರದಾರ 1300ರಲ್ಲಿ ಇದ್ದನಂತೆ, ನಮ್ಮವನೇ ಇರಬೇಕು' ಎಂದು ಮೇಲಿನಿಂದ ಕೆಳಕ್ಕೆ ಬರುವವರು ದಾರಿ ತಪ್ಪುವುದು ಖಂಡಿತ.

ಯಾವ ಕಾಲಕ್ಕೆ ಯಾವ ದಾಖಲೆ ಎಂಬುದು ತಲೆಯಲ್ಲಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಗಿದ್ದು 1837ರ ಜುಲೈ 1ಕ್ಕೆ. ಸ್ಕಾಟ್ಲೆಂಡಿನದು ಬೇರೆ, ಅಲ್ಲಿ 1855. ಇದರ ಸೂಚಿ ನೋಡಲು ಫ್ರೀಬಿಎಂಡಿ ಎಂಬ ಉಚಿತ ಸೈಟ್ ಸಾಕು. ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ಸೂಚಿಯಲ್ಲಿ ಮಗುವಿನ ತಾಯಿಯ ತವರಿನ ಸರ್‌ನೇಮ್ ಕೂಡ ಸಿಗುತ್ತದೆ, ಅದು ದೊಡ್ಡ ಅನುಕೂಲ. ಜನಗಣತಿ 1801ರಿಂದ ಇದೆ. ಆದರೆ ಮನೆಮನೆಯ ಹೆಸರುಗಳು ಕ್ರಮವಾಗಿ ಸಿಗುವುದು 1841ರಿಂದ. ಆ ವರ್ಷದ ಪುಸ್ತಕದಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 39 ವರ್ಷದವನು 35 ಆಗಿರುತ್ತಾನೆ. 1931ರ ಗಣತಿ ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ನೂರು ವರ್ಷ ಆಗುವವರೆಗೆ ಗಣತಿ ಪುಸ್ತಕ ಬಿಡುಗಡೆ ಆಗುವುದಿಲ್ಲ, ಹಾಗಾಗಿ 1921ರದು 2022ರಲ್ಲಿ ಹೊರಬಂತು.

ನಮ್ಮ ಥ್ಯಾಕರೆ ಇವೆಲ್ಲಕ್ಕೂ ಮುಂಚಿನವನು. ಅವನಿಗೆ ಬೇಕಾದದ್ದು ಪ್ಯಾರಿಷ್ ರಿಜಿಸ್ಟರ್. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಆಜ್ಞೆ ಹೊರಡಿಸಿ, ಪ್ರತಿ ಪ್ಯಾರಿಷ್ ಚರ್ಚ್ ಬ್ಯಾಪ್ಟಿಸಮ್, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕು ಎಂದ. ಎಲ್ಲ ಊರುಗಳಲ್ಲಿ ಅಷ್ಟು ಹಳೆಯದು ಉಳಿದಿಲ್ಲ. 1598ರ ಆಸುಪಾಸಿನಿಂದ ಬಿಷಪ್‌ಗೆ ಕಳಿಸುತ್ತಿದ್ದ ವಾರ್ಷಿಕ ನಕಲುಗಳೂ ಇವೆ. ಮೂಲ ಹರಿದಿದ್ದರೆ ನಕಲು ನೋಡಬಹುದು. 1640, 50ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಹಲವು ಕಡೆ ಪುಟಗಳು ಖಾಲಿ. ಅಲ್ಲಿ ಕೊಂಡಿ ತಪ್ಪಿದರೆ ಗಾಬರಿ ಬೇಡ, ಎಲ್ಲರಿಗೂ ತಪ್ಪುತ್ತದೆ.

ತಾರೀಕಿನ ವಿಷಯದಲ್ಲಿ ಮಾತ್ರ ಹುಷಾರು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ರಿಜಿಸ್ಟರ್‌ನಲ್ಲಿ '1692 ಡಿಸೆಂಬರ್' ಆದ ಮೇಲೆ ಬರುವುದು '1692 ಜನವರಿ'. ನಮ್ಮ ಲೆಕ್ಕದಲ್ಲಿ ಅದು 1693. ಗೊತ್ತಿಲ್ಲದೆ ಓದಿದರೆ ಮದುವೆಗಿಂತ ಮುಂಚೆ ಮಗು ಹುಟ್ಟಿದಂತೆ ಕಾಣುತ್ತದೆ! ಎರಡೂ ವರ್ಷ ಸೇರಿಸಿ '1692/3' ಎಂದು ಬರೆದುಕೊಳ್ಳುವುದು ರೂಢಿ.

ಈ ದಾರಿಯಲ್ಲಿ ಹೋದರೆ ಥ್ಯಾಕರೆ ಮನೆತನ ಹೀಗೆ ಬಿಚ್ಚಿಕೊಳ್ಳುತ್ತದೆ. ಸೇಂಟ್ ಜಾನನ ಅಪ್ಪ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, 1749ರಿಂದ 1813. ಇವನೂ ಕಂಪನಿ ನೌಕರ. ಸಿಲ್ಹೆಟ್‌ನಲ್ಲಿ ಆನೆ ಹಿಡಿಸಿ ಕಂಪನಿಗೇ ಮಾರಿದವನು. ಅವನ ಅಪ್ಪ ಥಾಮಸ್ ಥ್ಯಾಕರೆ, 1693ರಿಂದ 1760, ಹ್ಯಾರೊ ಶಾಲೆಯ ಹೆಡ್‌ಮಾಸ್ಟರ್. ಥಾಮಸ್ ಹುಟ್ಟಿದ್ದು ಯಾರ್ಕ್‌ಷೈರಿನ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯಲ್ಲಿ. ಅಲ್ಲಿಂದ ಹಿಂದಕ್ಕೆ ಎಲ್ಲರೂ ಸ್ವಂತ ಜಮೀನು ಉಳುತ್ತಿದ್ದ ರೈತರು, ಇಂಗ್ಲಿಷಿನಲ್ಲಿ ಯೋಮನ್ ಅನ್ನುವ ವರ್ಗ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ 1811ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ್ದು ಇದೇ ಮನೆತನದಲ್ಲಿ. ಅವನು ರಿಚ್ಮಂಡನ ಮಗ. ಅಂದರೆ ಕಿತ್ತೂರಿನಲ್ಲಿ ಸತ್ತವನು ಅವನಿಗೆ ಚಿಕ್ಕಪ್ಪ.

ಹೆಜ್ಜೆ 4: ಉಯಿಲು ಮತ್ತು ಜಮೀನಿನ ಕಾಗದ

ಚರ್ಚ್ ಪುಸ್ತಕದಲ್ಲಿ ಹೆಸರು, ತಾರೀಕು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇದ್ದರೆ ಯಾರ ಮಗ ಯಾರು ಎಂದು ತಿಳಿಯುವುದು ಉಯಿಲಿನಿಂದಲೇ. 'ನನ್ನ ಎರಡನೇ ಮಗನಿಗೆ ಇಂಥ ಹೊಲ, ಅಳಿಯನಿಗೆ ಇಷ್ಟು' ಅಂತ ಬರೆದಿರುತ್ತಾರೆ. ಸಂಬಂಧ ಅಲ್ಲೇ ಸಿಗುತ್ತದೆ.

1858ರ ಜನವರಿ 12ಕ್ಕೆ ಮುಂಚೆ ಉಯಿಲು ಸಾಬೀತಾಗುತ್ತಿದ್ದದ್ದು ಹೆಚ್ಚಾಗಿ ಚರ್ಚ್ ಕೋರ್ಟುಗಳಲ್ಲಿ. ದಕ್ಷಿಣದ ದೊಡ್ಡ ಆಸ್ತಿಗಳಿಗೆ ಕ್ಯಾಂಟರ್ಬರಿ, ಉತ್ತರಕ್ಕೆ ಯಾರ್ಕ್. ಯಾರ್ಕಿನವು ಅಲ್ಲಿನ ಬೋರ್ತ್‌ವಿಕ್ ಇನ್‌ಸ್ಟಿಟ್ಯೂಟ್‌ನಲ್ಲಿವೆ. ಆದರೆ ಹ್ಯಾಂಪ್ಸ್‌ತ್ವೇಟ್ ಸುತ್ತಿನ ಹಳ್ಳಿಗಳದ್ದು ಬೇರೆಯೇ ಕಥೆ. ಅವು ನೇರ್ಸ್‌ಬರೊ ಅರಣ್ಯ ಎಂಬ ರಾಜರ ಜಹಗೀರಿಗೆ ಸೇರಿದ್ದವು. ಅಲ್ಲಿ ಜಹಗೀರಿನ ಕೋರ್ಟೇ ಉಯಿಲುಗಳನ್ನು ತನ್ನ ಸುರುಳಿಗಳಲ್ಲಿ ದಾಖಲಿಸುತ್ತಿತ್ತು. ಸರ್ಟೀಸ್ ಸೊಸೈಟಿ 1900ರ ನಂತರದ ವರ್ಷಗಳಲ್ಲಿ ಇವನ್ನು ಅಚ್ಚು ಹಾಕಿಸಿದೆ. ಯಾರ್ಕಿನ ಸೂಚಿಯಲ್ಲಿ ಮಾತ್ರ ಹುಡುಕಿ ಕೈಬಿಟ್ಟವರಿಗೆ ಇದು ಸಿಗುವುದಿಲ್ಲ. ನಿಮ್ಮ ಹಳ್ಳಿ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತಿತ್ತು ಎಂದು ಮೊದಲು ತಿಳಿದುಕೊಳ್ಳಿ. ಇನ್ನೊಂದು ಮಾತು, ನೇರ್ಸ್‌ಬರೊ ಹೆಸರನ್ನು ಬರೆಯುವುದು 'ಕೆ' ಅಕ್ಷರದಿಂದ. ಬಾಯಲ್ಲಿ ಬರುವುದಿಲ್ಲ, ಸೂಚಿಯಲ್ಲಿ ಬರುತ್ತದೆ.

1733ರವರೆಗೆ ಕೋರ್ಟಿನ ಕಾಗದಗಳು ಲ್ಯಾಟಿನ್‌ನಲ್ಲಿ. 'ಫಿಲಿಯಸ್' ಅಂದರೆ ಮಗ, 'ಫಿಲಿಯಾ' ಮಗಳು, 'ಸೆಪಲ್ಟಸ್' ಹೂಳಲಾಯಿತು. ಇಂಥ ಕೆಲವು ಪದ ಕಲಿತರೆ ರಿಜಿಸ್ಟರ್ ಓದುವ ಮಟ್ಟಿಗೆ ಸಾಕಾಗುತ್ತದೆ. ಹಳೆಯ ಕೈಬರಹ ಓದುವುದೇ ನಿಜವಾದ ಕಷ್ಟ. ಅದಕ್ಕೆ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಉಚಿತ ಆನ್‌ಲೈನ್ ಪಾಠ ಇಟ್ಟಿದೆ.

ಹೆಜ್ಜೆ 5: ಕಾಗುಣಿತಗಳ ಪಟ್ಟಿ ಮಾಡಿ

ಹೆಸರಿನ ಸ್ಪೆಲಿಂಗ್ ಗಟ್ಟಿಯಾಗಿದ್ದು ತೀರಾ ಈಚೆಗೆ, ಶಾಲೆ ಎಲ್ಲರಿಗೂ ಸಿಕ್ಕ ಮೇಲೆ. ಅದಕ್ಕೆ ಮುಂಚೆ ಪಾದ್ರಿಯ ಕಿವಿಗೆ ಹೇಗೆ ಕೇಳಿತೋ ಹಾಗೆ ಬರೆದ. ಅಣ್ಣನದು ಒಂದು ಥರ, ತಮ್ಮನದು ಇನ್ನೊಂದು ಥರ. 'ನಮ್ಮದು ಇ ಇರುವ ಥ್ಯಾಕರೆ, ಅವರದು ಇ ಇಲ್ಲದ್ದು, ಹಾಗಾಗಿ ಬೇರೆ ಮನೆತನ' ಎಂಬ ವಾದ ನಿಲ್ಲುವುದಿಲ್ಲ.

ಈ ಹೆಸರಿನ ರೂಪಗಳನ್ನೇ ನೋಡಿ. ಥ್ಯಾಕರೆ. ನಡುವಿನ ಇ ಬಿಟ್ಟ ಥ್ಯಾಕ್ರೇ. ಕೊನೆಗೆ ಎಚ್ ಹಚ್ಚಿಕೊಂಡ ಥ್ಯಾಕ್ರಾ. ಥ್ಯಾಕರಾ. ಮತ್ತೆ ಥ್ಯಾಕ್‌ವ್ರೇ. ಈ ಕೊನೆಯದನ್ನು ನೆನಪಿಡಿ. ಅದರಲ್ಲಿ ಉಳಿದಿರುವ ಒಂದು 'ಡಬ್ಲ್ಯೂ' ಮುಂದೆ ನಮಗೆ ಇಡೀ ಹೆಸರನ್ನು ಬಿಡಿಸಿಕೊಡುತ್ತದೆ.

ಹುಡುಕುವಾಗ ಮೊದಲ ನಾಲ್ಕೈದು ಅಕ್ಷರ ಬರೆದು ನಕ್ಷತ್ರದ ಚಿಹ್ನೆ ಹಾಕಿ. ಫ್ಯಾಮಿಲಿಸರ್ಚ್, ಫ್ರೀರೆಜ್ ಎರಡರಲ್ಲೂ ಇದು ನಡೆಯುತ್ತದೆ, ಎರಡೂ ಉಚಿತ. ದುಡ್ಡು ಕೇಳುವ ಸೈಟ್‌ಗಳಿಗೆ ಹೋಗುವ ಮುಂಚೆ ಇವನ್ನು ಮುಗಿಸಿ.

ಹೆಜ್ಜೆ 6: ನಕ್ಷೆಯ ಮೇಲೆ ಹರಡಿ ನೋಡಿ

ಸರ್‌ನೇಮ್ ತನ್ನ ಹುಟ್ಟೂರಿನ ಸುತ್ತಲೇ ಶತಮಾನಗಟ್ಟಲೆ ಠಿಕಾಣಿ ಹೂಡಿರುತ್ತದೆ. ರೈಲು, ಕಾರ್ಖಾನೆ ಬಂದ ಮೇಲೂ ಅಷ್ಟೇನೂ ಚದುರಿರುವುದಿಲ್ಲ. ಅದಕ್ಕೇ 1881ರ ಜನಗಣತಿಯ ಆಧಾರದ ಮೇಲೆ ಮಾಡಿದ ಸರ್‌ನೇಮ್ ನಕ್ಷೆಗಳು ಇಷ್ಟು ಉಪಯೋಗಕ್ಕೆ ಬರುತ್ತವೆ.

ಥ್ಯಾಕ್ರೇ, ಥ್ಯಾಕರೆ ಎರಡನ್ನೂ ಹಾಕಿ ನೋಡಿದರೆ ಬಣ್ಣ ಗಾಢವಾಗುವುದು ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್‌ನಲ್ಲಿ, ಲೀಡ್ಸ್ ಸುತ್ತಮುತ್ತ. ನಕ್ಷೆ ಇಲ್ಲದಿದ್ದರೂ ಸುಳಿವು ಸಿಗುತ್ತದೆ. ಕೂಲಿಕಾರರ ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆ 1831ರಲ್ಲೇ ಬರೆದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಲೀಡ್ಸ್‌ನವನು. ಹಾಡುಗಾರ ಜೇಕ್ ಥ್ಯಾಕ್ರೇ ಲೀಡ್ಸ್‌ನವನು. ವೈದ್ಯಕೀಯ ಸಾಮಾನು ಮಾಡುತ್ತಿದ್ದ ಥ್ಯಾಕ್ರೇ ಕಂಪನಿಯ ಹೆಸರಿನ ಮ್ಯೂಸಿಯಂ ಇರುವುದೂ ಲೀಡ್ಸ್‌ನಲ್ಲೇ. ಇವರೆಲ್ಲ ಒಂದೇ ಮನೆತನ ಅಂತಲ್ಲ. ಆದರೆ ಹೆಸರು ಹುಟ್ಟಿದ್ದು ಈ ಸೀಮೆಯಲ್ಲೇ ಅನ್ನಲು ಇದು ಬಲ ಕೊಡುತ್ತದೆ.

ಹೆಜ್ಜೆ 7: ಅದು ನಿಜಕ್ಕೂ ಇಂಗ್ಲಿಷ್ ಹೆಸರೇ?

ಬೆಂಗಳೂರಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು 'ಇಂಗ್ಲಿಷ್ ಹೆಸರು' ಅಂದುಕೊಂಡಿರುವ ಎಷ್ಟೋ ಹೆಸರುಗಳು ಇಂಗ್ಲೆಂಡಿನವಲ್ಲ. ಮಾರ್ಕ್ ಕಬ್ಬನ್ ಹುಟ್ಟಿದ್ದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಅಲ್ಲಿನ ಭಾಷೆಯಲ್ಲಿ 'ಮ್ಯಾಕ್' ಅಂದರೆ ಮಗ. ಅದರ ಮುಂಭಾಗ ಉದುರಿ ಬರೀ 'ಕ್' ಉಳಿದು ಮುಂದಿನ ಹೆಸರಿಗೆ ಅಂಟಿಕೊಂಡಿದೆ. ಗಿಬ್ಬನ್ ಎಂಬವನ ಮಗ ಕಬ್ಬನ್ ಆದ. ಶಾಸನಗಳ ರೈಸ್ ಹೆಸರಿಗೂ ಅಕ್ಕಿಗೂ ಸಂಬಂಧ ಇಲ್ಲ. ಈ ಸರ್‌ನೇಮ್ ಸಾಮಾನ್ಯವಾಗಿ ಬರುವುದು ವೇಲ್ಸ್‌ನ 'ರೀಸ್' ಎಂಬ ಹೆಸರಿನಿಂದ. ಕೋಲಾರದ ಗಣಿಗೆ ಜಾನ್ ಟೇಲರ್ ಕಂಪನಿ ಕರೆತಂದ ಗಣಿಗಾರರಲ್ಲಿ ಕಾರ್ನ್‌ವಾಲ್‌ನವರು ಬಹಳ. 'ಟ್ರೆ', 'ಪಾಲ್', 'ಪೆನ್' ಎಂದು ಶುರುವಾಗುವ ಸರ್‌ನೇಮ್ ಕಂಡರೆ ಕಾರ್ನಿಷ್ ಭಾಷೆಯಲ್ಲೇ ಅರ್ಥ ಹುಡುಕಬೇಕು. ಕ್ರಮವಾಗಿ ಊರು, ಕೊಳ, ಗುಡ್ಡದ ತುದಿ.

ಸ್ಯಾಂಕಿ ಇನ್ನೊಂದು ಬಗೆ. ಹೆಸರು ಲ್ಯಾಂಕಾಷೈರಿನ ಸ್ಯಾಂಕಿ ಎಂಬ ಜಾಗದ್ದು, ಆದರೆ ಕೆರೆ ಕಟ್ಟಿಸಿದ ಎಂಜಿನಿಯರ್ ಐರ್ಲೆಂಡಿನಲ್ಲಿ ಹುಟ್ಟಿದವನು. ಹೆಸರಿನ ಊರು ಬೇರೆ, ಮನೆತನದ ಊರು ಬೇರೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ಹೆಸರು ಇಂಗ್ಲೆಂಡಿನದೇ ಅಂತ ಖಾತ್ರಿಯಾದರೆ, ಅದು ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ ಒಂದು. ಊರು ಅಥವಾ ಜಾಗ, ಕಸುಬು, ಅಪ್ಪನ ಹೆಸರು, ಅಡ್ಡಹೆಸರು. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಂಬಾರ, ಬೆಟಗೇರಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1066ರ ನಾರ್ಮನ್ ಗೆಲುವಿನ ನಂತರ ದೊಡ್ಡ ಜಮೀನ್ದಾರರಲ್ಲಿ ಶುರುವಾದ ಈ ರೂಢಿ, ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಸಾಮಾನ್ಯ ಜನರಿಗೂ ಬಂದಿತ್ತು.

ಹೆಜ್ಜೆ 8: ಈಗ ಅರ್ಥ

ನೆಟ್‌ನಲ್ಲಿ ಸುಮ್ನೆ ಹುಡುಕಿದವರಿಗೆ ಥ್ಯಾಕರೆ ಅಂದರೆ 'ಹುಲ್ಲಿನ ಛಾವಣಿ ಹೊದಿಸುವವನು' ಎಂಬ ಉತ್ತರ ಸಿಗಬಹುದು. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಆ ಅರ್ಥ ಥ್ಯಾಕರ್ ಎಂಬ ಬೇರೆ ಸರ್‌ನೇಮಿನದು. ಅದು ಕಸುಬಿನ ಹೆಸರು. ಥ್ಯಾಕರೆ ಜಾಗದ ಹೆಸರು.

ಯಾರ್ಕ್‌ಷೈರ್ ವೈಕಿಂಗರು ನೆಲೆಸಿದ ಸೀಮೆ. 866ರಲ್ಲಿ ಅವರು ಯಾರ್ಕ್ ಹಿಡಿದರು, ಹತ್ತು ವರ್ಷದಲ್ಲಿ ಜಮೀನು ಹಂಚಿಕೊಂಡು ಉಳಲು ಕೂತರು. ಆ ಬೆಟ್ಟದ ಕಣಿವೆಗಳಲ್ಲಿ ಊರು, ಹೊಲ, ಹಳ್ಳಗಳ ಹೆಸರು ಇವತ್ತಿಗೂ ಅವರ ಭಾಷೆಯದೇ. ಹ್ಯಾಂಪ್ಸ್‌ತ್ವೇಟ್‌ನ 'ತ್ವೇಟ್' ಅಂದರೆ ಕಾಡು ಕಡಿದು ಬಯಲು ಮಾಡಿದ ಜಾಗ. ಹಾಗೇ ಹಳೆಯ ನಾರ್ಸ್‌ನಲ್ಲಿ 'ಥಾಕ್' ಅಂದರೆ ಛಾವಣಿಗೆ ಹೊದಿಸುವ ಜೊಂಡು, ಹುಲ್ಲು. 'ವ್ರಾ' ಅಂದರೆ ಮೂಲೆ, ಕಣಿವೆಯ ಒಳಗಿನ ಒತ್ತು. ಎರಡೂ ಕೂಡಿದರೆ ಜೊಂಡು ಬೆಳೆಯುವ ಮೂಲೆ. ಥ್ಯಾಕ್‌ವ್ರೇ ಸ್ಪೆಲಿಂಗ್‌ನಲ್ಲಿ ಉಳಿದ 'ಡಬ್ಲ್ಯೂ' ಆ 'ವ್ರಾ'ದ ಗುರುತು. ಕಸುಬಿನ ಅರ್ಥ ಹೇಳುವವರು ಆ ಅಕ್ಷರ ಎಲ್ಲಿಂದ ಬಂತು ಎಂದು ಹೇಳಲಾರರು.

ಆ ಜಾಗ ಯಾವುದು? ಹೆಚ್ಚು ಸಾಧ್ಯತೆ ಇರುವುದು ಟಿಂಬಲ್ ಎಂಬ ಹಳ್ಳಿಯ ಬಳಿ, ವಾಶ್‌ಬರ್ನ್ ಕಣಿವೆಯಲ್ಲಿದ್ದ ಥ್ಯಾಕ್ರೇ. ಹ್ಯಾಂಪ್ಸ್‌ತ್ವೇಟ್‌ನಿಂದ ಕೆಲವೇ ಮೈಲಿ, ಅದೂ ನೇರ್ಸ್‌ಬರೊ ಅರಣ್ಯದ ಒಳಗೇ. ಈಗ ಹೋಗಿ ನೋಡುತ್ತೇನೆಂದರೆ ಆಗದು. ಲೀಡ್ಸ್ ನಗರಕ್ಕೆ ನೀರು ಕೊಡಲು 1870ರ ದಶಕದಲ್ಲಿ ಕಟ್ಟಿದ ಫ್ಯೂಸ್ಟನ್ ಜಲಾಶಯದಲ್ಲಿ ಅದು ಮುಳುಗಿದೆ.

ಇಂಥ ಚಿಕ್ಕ ಜಾಗಗಳನ್ನು ಹಿಡಿಯಲು ಎರಡು ಸಾಧನ ಬೇಕು. ಒಂದು, ಇಂಗ್ಲಿಷ್ ಪ್ಲೇಸ್ ನೇಮ್ ಸೊಸೈಟಿಯ ಜಿಲ್ಲಾವಾರು ಸಂಪುಟಗಳು. ಹೊಲದ ಹೆಸರುಗಳೂ, ಯಾವ ವರ್ಷ ಹೇಗೆ ಬರೆದರು ಎಂಬುದೂ ಅದರಲ್ಲಿವೆ. ಇನ್ನೊಂದು, ಅಣೆಕಟ್ಟು ಬರುವ ಮುಂಚಿನ ಆರ್ಡ್‌ನನ್ಸ್ ಸರ್ವೆ ನಕ್ಷೆ. ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ಸೈಟ್‌ನಲ್ಲಿ ಇಂಗ್ಲೆಂಡಿನ ಹಳೆಯ ಹಾಳೆಗಳೂ ಪುಕ್ಕಟೆ ಸಿಗುತ್ತವೆ. ಹೆಸರಿನ ಹಳೆಯ ರೂಪಕ್ಕೆ 1379ರ ತಲೆಗಂದಾಯದ ಪಟ್ಟಿ ನೋಡಿ, ವೆಸ್ಟ್ ರೈಡಿಂಗ್‌ನ ಪಟ್ಟಿ ಚೆನ್ನಾಗಿ ಉಳಿದಿದೆ. ಹೆಸರಿನ ಮುಂದೆ 'ಡಿ' ಅಂತ ಇದ್ದರೆ ಅದು ಸಾಮಾನ್ಯವಾಗಿ ಜಾಗದ ಹೆಸರು. 2016ರಲ್ಲಿ ಆಕ್ಸ್‌ಫರ್ಡ್ ನಾಲ್ಕು ಸಂಪುಟಗಳಲ್ಲಿ ತಂದ ಸರ್‌ನೇಮ್ ನಿಘಂಟು ಇಂಥ ಹಳೆಯ ರೂಪಗಳನ್ನು ವರ್ಷಸಮೇತ ಕೊಡುತ್ತದೆ. ವರ್ಷ ಕೊಡದೆ ಅರ್ಥ ಹೇಳುವ ಪುಸ್ತಕವನ್ನು ನಾನು ನಂಬುವುದಿಲ್ಲ.

ಎಡವುವ ಜಾಗಗಳು

'ನಿಮ್ಮ ಸರ್‌ನೇಮಿನ ರಾಜಲಾಂಛನ' ಅಂತ ಫ್ರೇಮ್ ಹಾಕಿ ಮಾರುವವರಿದ್ದಾರೆ. ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ, ಹೆಸರಿಗಲ್ಲ. ಅದನ್ನು ಕೊಡುವುದು 1484ರಿಂದ ಇರುವ ಕಾಲೇಜ್ ಆಫ್ ಆರ್ಮ್ಸ್.

ಒಂದೇ ಸ್ಪೆಲಿಂಗ್ ಇದ್ದ ಮಾತ್ರಕ್ಕೆ ಒಂದೇ ಬೇರು ಅಲ್ಲ. ಮಹಾರಾಷ್ಟ್ರದ ಠಾಕ್ರೆ ಮನೆಯವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಥ್ಯಾಕರೆಯ ಹಾಗೇ ಬರೆಯುತ್ತಾರೆ. ಕಾದಂಬರಿಕಾರ ಥ್ಯಾಕರೆಯ ಮೇಲಿನ ಮೆಚ್ಚುಗೆಯಿಂದ ಕೇಶವ ಸೀತಾರಾಮ ಠಾಕ್ರೆ ಆ ಸ್ಪೆಲಿಂಗ್ ಇಟ್ಟುಕೊಂಡರು ಎಂದು ಹೇಳುತ್ತಾರೆ. ಆ ಹೆಸರಿಗೂ ಯಾರ್ಕ್‌ಷೈರಿಗೂ ಸಂಬಂಧ ಇಲ್ಲ. ಥ್ಯಾಕರ್ ಹೆಸರೂ ಹೀಗೇ. ಕಲ್ಕತ್ತದಲ್ಲಿ ವಿಳಾಸಗಳ ಡೈರೆಕ್ಟರಿ ಅಚ್ಚು ಹಾಕುತ್ತಿದ್ದ ಥ್ಯಾಕರ್ ಕಂಪನಿಯ ಹೆಸರು ಇಂಗ್ಲಿಷಿನದು, ಗುಜರಾತಿಗಳಲ್ಲಿ ಠಕ್ಕರ್ ಎಂಬುದೂ ಅದೇ ಸ್ಪೆಲಿಂಗ್ ಪಡೆಯುತ್ತದೆ.

ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ವೈ ಕ್ರೋಮೋಸೋಮ್‌ನದನ್ನು ಮಾಡಿಸಿ, ಅದು ಸರ್‌ನೇಮಿನ ಹಾಗೇ ಅಪ್ಪನಿಂದ ಮಗನಿಗೆ ಹೋಗುತ್ತದೆ. ಲೆಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಹಲವು ಸರ್‌ನೇಮ್‌ಗಳ ಮೇಲೆ ಮಾಡಿ ನೋಡಿದ್ದಾರೆ. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ಒಬ್ಬರಿಗೊಬ್ಬರಿಗೆ ಹೊಂದಿಕೆಯೇ ಕಾಣಲಿಲ್ಲ, ಏಕೆಂದರೆ ಕಮ್ಮಾರರು ಊರೂರಲ್ಲೂ ಇದ್ದರು. ಆ್ಯಟನ್‌ಬರೊನಂಥ ಅಪರೂಪದ ಹೆಸರಿನವರಲ್ಲಿ ಹೆಚ್ಚಿನವರು ಒಂದೇ ಮೂಲಕ್ಕೆ ಸೇರಿದ್ದರು. ಥ್ಯಾಕರೆಯಂಥ ಸಣ್ಣ ಜಾಗದ ಹೆಸರಿಗೆ ಈ ಪರೀಕ್ಷೆ ಪ್ರಯೋಜನಕ್ಕೆ ಬರಬಹುದು. ಆದರೆ ಕಾಗದದ ಕೆಲಸ ಹ್ಯಾಂಪ್ಸ್‌ತ್ವೇಟ್‌ವರೆಗಾದರೂ ಮುಟ್ಟಿದ ಮೇಲೆ ಮಾಡಿಸಿ. ಹೋಲಿಸಲು ಯಾರ ವಂಶ ಎಂದು ಗೊತ್ತಿಲ್ಲದಿದ್ದರೆ ಆ ರಿಪೋರ್ಟ್ ಇಟ್ಟುಕೊಂಡು ಏನೂ ಮಾಡಲಾಗದು.